ಹೊರದೇಶದ ರೋಗಿಗಳಿಗೆ ಬಾಗಿಲು ತೆರೆಯುವ ಮುನ್ನ: ಮಲೆನಾಡಿನ ಆಸ್ಪತ್ರೆಗಳಿಗೆ ಎನ್‌ಎಬಿಎಚ್ ಮಾನ್ಯತೆಯ ಸಮಗ್ರ ಮಾರ್ಗದರ್ಶಿ

"ಫೈಲ್ ಎಲ್ಲ ರೆಡಿ ಇತ್ತು, ಆದರೂ ಅಸೆಸರ್‌ಗಳು ಅಷ್ಟುದ್ದ ಕೊರತೆಗಳ ಪಟ್ಟಿ ಬರೆದು ಹೋದರು. ಎಲ್ಲಿ ತಪ್ಪಿತು?" ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆಸ್ಪತ್ರೆಯವರು ನನ್ನನ್ನು ಕೇಳುವ ಪ್ರಶ್ನೆ ಇದೊಂದೇ. ಎನ್‌ಎಬಿಎಚ್ ಎಂದರೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ, ಅದು ಕಳಿಸುವ ಪರಿಶೀಲಕರೇ ಅಸೆಸರ್‌ಗಳು. ಹೆಚ್ಚಿನ ಕಡೆ ತಪ್ಪುವುದು ಕೆಲಸದ ಕ್ರಮದಲ್ಲಿ. ಮೊದಲು ಮ್ಯಾನ್ಯುಯಲ್ ಬರೆಸುತ್ತಾರೆ, ಆಮೇಲೆ ಅರ್ಜಿ ಹಾಕುತ್ತಾರೆ, ಕೊನೆಗೆ ವಾರ್ಡಿನ ಕಡೆ ನೋಡುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ರೋಗಿಯ ಹಾಸಿಗೆ ಪಕ್ಕದ ಕೆಲಸ ಸರಿಯಾಗಲಿ. ಆಮೇಲೆ ಅದನ್ನೇ ಬರೆಯಿರಿ. ಕೊನೆಗೆ ಅರ್ಜಿ.

ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

## ಶುರುಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಈಗಿನ ಆವೃತ್ತಿಯ ಮಾನದಂಡದ ಪುಸ್ತಕ ಬೇಕು. ಆಸ್ಪತ್ರೆಗಳ ಮಾನದಂಡದ 6ನೇ ಆವೃತ್ತಿ 2025ರಲ್ಲಿ ಬಂದಿದೆ. ಯಾರೋ ಕೊಟ್ಟ ಹಳೆಯ ಆವೃತ್ತಿಯ ಪಿಡಿಎಫ್ ಇಟ್ಟುಕೊಂಡು ಆರು ತಿಂಗಳು ದುಡಿದವರನ್ನು ನೋಡಿದ್ದೇನೆ, ಪಾಪ.

ಪೂರ್ತಿ ಸಮಯ ಇದೇ ಕೆಲಸ ಮಾಡುವ ಒಬ್ಬರು ಬೇಕು. ವಾರ್ಡಿನಲ್ಲಿ ಕೆಲಸ ಮಾಡಿದ ಹಿರಿಯ ಸಿಸ್ಟರ್ ಆದರೆ ತುಂಬ ಒಳ್ಳೆಯದು. ಬಿಲ್ಲಿಂಗ್ ಕೌಂಟರಿನವರಿಗೆ ಇದನ್ನೂ ಸೇರಿಸಿ ಕೊಟ್ಟರೆ ಎರಡೂ ಕೆಡುತ್ತವೆ. ಇದಲ್ಲದೆ ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಮೀಟರ್‌ಗಳು, ಒಂದು ದಪ್ಪ ನೋಟ್‌ಬುಕ್, ಮತ್ತು ಮಾಲೀಕರಿಂದ ವಾರಕ್ಕೆ ಒಂದು ಗಂಟೆ. ಆ ಒಂದು ಗಂಟೆ ಸಿಗದಿದ್ದರೆ ಸದ್ಯಕ್ಕೆ ಶುರುಮಾಡಬೇಡಿ.

## ಹಂತ 1: ಯಾವ ಮಾನ್ಯತೆ ಎಂದು ಮೊದಲು ತೀರ್ಮಾನಿಸಿ

50 ಹಾಸಿಗೆಯವರೆಗಿನ ಆಸ್ಪತ್ರೆಗಳಿಗೆ ಎನ್‌ಎಬಿಎಚ್‌ನಲ್ಲಿ ಬೇರೆಯೇ ಮಾನದಂಡ ಇದೆ. ಅದಕ್ಕೆ ಎಸ್‌ಎಚ್‌ಸಿಒ, ಅಂದರೆ ಸಣ್ಣ ಆರೋಗ್ಯ ಸೇವಾ ಸಂಸ್ಥೆಗಳ ಮಾನದಂಡ ಎನ್ನುತ್ತಾರೆ. ಅದಕ್ಕಿಂತ ದೊಡ್ಡವಕ್ಕೆ ಪೂರ್ಣ ಮಾನದಂಡ. ಎರಡರಲ್ಲೂ ಮೊದಲ ಮೆಟ್ಟಿಲಾಗಿ ಎಂಟ್ರಿ ಲೆವೆಲ್ ಪ್ರಮಾಣಪತ್ರ ಇದೆ. ಆಯುರ್ವೇದ ಆಸ್ಪತ್ರೆಗಳಿಗೆ ಆಯುಷ್ ಮಾನದಂಡವೇ ಬೇರೆ.

ಅಮೆರಿಕ ಮೂಲದ ಜೆಸಿಐ ಮಾನ್ಯತೆಯ ಹೆಸರು ಹೊರದೇಶದಲ್ಲಿ ಜಾಸ್ತಿ ಜನಕ್ಕೆ ಗೊತ್ತು, ನಿಜ. ಆದರೆ ಅದರ ಖರ್ಚು, ಸಿದ್ಧತೆ ಎರಡೂ ದೊಡ್ಡವು. 60 ಹಾಸಿಗೆಯ ಆಸ್ಪತ್ರೆ ಅಲ್ಲಿಂದ ಶುರುಮಾಡುವ ಅಗತ್ಯವಿಲ್ಲ. ಎನ್‌ಎಬಿಎಚ್‌ಗೆ ಇಸ್ಕ್ವಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮನ್ನಣೆ ಇದೆ. ಹೊರದೇಶದಿಂದ ಕೇಳಿದವರಿಗೆ ಅದನ್ನು ವಿವರಿಸಬಹುದು.

ನನ್ನ ಸಲಹೆ ಇಷ್ಟು: ಎಂಟ್ರಿ ಲೆವೆಲ್‌ನಿಂದ ಶುರುಮಾಡಿ, ಆದರೆ ಅಲ್ಲೇ ನಿಂತು ಹೊರದೇಶದ ರೋಗಿಗಳಿಗೆ ಜಾಹೀರಾತು ಕೊಡಬೇಡಿ. ಎಂಟ್ರಿ ಲೆವೆಲ್ ಪಡೆದು ಬೋರ್ಡಿನಲ್ಲಿ "ಪೂರ್ಣ ಮಾನ್ಯತೆ" ಎಂದು ಬರೆಸುವುದು ಸುಳ್ಳು. ಅಷ್ಟು ದೂರದಿಂದ ನಂಬಿ ಬರುವವರಿಗೆ ಹಾಗೆ ಮಾಡಬಾರದು.

## ಹಂತ 2: ಲೈಸೆನ್ಸ್‌ಗಳ ಪಟ್ಟಿ ಗೋಡೆಗೆ ಅಂಟಿಸಿ

ಇದು ಬೇಸರದ ಕೆಲಸ, ಬೇಗ ಮುಗಿಸಿ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಜೈವಿಕ ತ್ಯಾಜ್ಯದ ಅನುಮತಿ, ಅಗ್ನಿಶಾಮಕದ ಎನ್‌ಒಸಿ, ಸ್ಕ್ಯಾನಿಂಗ್‌ಗೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ, ಎಕ್ಸ್‌ರೇ ಮತ್ತು ಸಿಟಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ, ಔಷಧ ಅಂಗಡಿಯ ಲೈಸೆನ್ಸ್, ಲಿಫ್ಟಿನ ಪರವಾನಗಿ. ಪ್ರತಿಯೊಂದರ ಮುಂದೆ ಅವಧಿ ಮುಗಿಯುವ ದಿನ, ನವೀಕರಣಕ್ಕೆ ಓಡಾಡುವವರ ಹೆಸರು ಬರೆಯಿರಿ.

ಎಚ್ಚರಿಕೆಯ ಗುರುತು: "ಅರ್ಜಿ ಕೊಟ್ಟಿದ್ದೇವೆ ಸಾರ್, ಬರುತ್ತೆ" ಎಂದು ಯಾರಾದರೂ ಹೇಳಿದರೆ ಸ್ವೀಕೃತಿ ಪತ್ರ ಕೈಗೆ ಸಿಗುವವರೆಗೆ ಬಿಡಬೇಡಿ. ವೈದ್ಯರ ಮತ್ತು ನರ್ಸ್‌ಗಳ ಕೌನ್ಸಿಲ್ ನೋಂದಣಿಗಳನ್ನೂ ಇದೇ ಪಟ್ಟಿಯಲ್ಲಿ ಸೇರಿಸಿ. ವಾರಕ್ಕೊಮ್ಮೆ ಬರುವ ವಿಸಿಟಿಂಗ್ ವೈದ್ಯರ ಕಾಗದಗಳೇ ಸಾಮಾನ್ಯವಾಗಿ ಇರುವುದಿಲ್ಲ.

## ಹಂತ 3: ಒಬ್ಬ ರೋಗಿಯ ಹಿಂದೆ ನಡೆದು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಡುವುದೂ ಇದನ್ನೇ.

ನೋಟ್‌ಬುಕ್ ಹಿಡಿದು ಒಬ್ಬ ರೋಗಿಯ ಹಿಂದೆ ನಡೆಯಿರಿ. ಗೇಟಿನಿಂದ ಶುರುಮಾಡಿ. ವ್ಹೀಲ್‌ಚೇರ್ ಎಷ್ಟು ಹೊತ್ತಿಗೆ ಸಿಕ್ಕಿತು? ಹೆಸರು ಯಾರು ಬರೆದುಕೊಂಡರು, ಸರಿಯಾಗಿ ಬರೆದರೇ? ಅಲರ್ಜಿ ಇದೆಯೇ ಎಂದು ಯಾರಾದರೂ ಕೇಳಿದರೇ? ಕೇಳಿದ್ದನ್ನು ಬರೆದರೇ? ಲ್ಯಾಬ್‌ನಿಂದ ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿದೆ ಎಂದು ಫೋನ್ ಬಂದರೆ ಅದು ಯಾರ ಕಿವಿಗೆ ಬೀಳುತ್ತದೆ? ಅಲ್ಲಿಂದ ವೈದ್ಯರಿಗೆ ಎಷ್ಟು ನಿಮಿಷದಲ್ಲಿ ತಲುಪುತ್ತದೆ? ರಾತ್ರಿ ಪಾಳಿ ಬದಲಾಗುವಾಗ ಈ ರೋಗಿಯ ಬಗ್ಗೆ ಏನು ಹೇಳಿ ಹೋದರು?

ಒಂದು ತುರ್ತು ಕೇಸ್, ಒಂದು ಆಪರೇಷನ್, ಒಂದು ಹೆರಿಗೆ, ಒಂದು ಐಸಿಯು, ಒಂದು ಡಿಸ್ಚಾರ್ಜ್. ಐದೂ ನೋಡಿ. ಒಂದಾದರೂ ರಾತ್ರಿ ಎರಡು ಗಂಟೆಯದು ಆಗಿರಲಿ. ಹಗಲಿನ ಆಸ್ಪತ್ರೆಯೇ ಬೇರೆ, ರಾತ್ರಿಯ ಆಸ್ಪತ್ರೆಯೇ ಬೇರೆ. ಪುಸ್ತಕದ 10 ಅಧ್ಯಾಯಗಳಲ್ಲಿ ಮೊದಲ ಐದು ರೋಗಿಯ ಆರೈಕೆಗೆ, ಉಳಿದ ಐದು ಆಡಳಿತಕ್ಕೆ ಸೇರಿದವು. ನಿಮ್ಮ ನೋಟ್‌ಬುಕ್ಕಿನ ಟಿಪ್ಪಣಿಗಳನ್ನು ಆ ಅಧ್ಯಾಯಗಳ ಎದುರು ಇಟ್ಟರೆ ಕೊರತೆ ತಾನಾಗಿ ಕಾಣುತ್ತದೆ. 'ಕೋರ್' ಎಂದು ಗುರುತಿಸಿದ ಅಂಶಗಳನ್ನು ಪ್ರತಿ ಅಸೆಸ್‌ಮೆಂಟ್‌ನಲ್ಲೂ ತಪ್ಪದೆ ನೋಡುತ್ತಾರೆ. ಅವುಗಳಿಗೆ ಕೆಂಪು ಗೆರೆ ಎಳೆಯಿರಿ.

ಈ ಹಂತದಲ್ಲಿ ಯಾರನ್ನೂ ಬೈಯಬೇಡಿ. ಬೈದರೆ ನಾಳೆಯಿಂದ ತಪ್ಪನ್ನು ಮುಚ್ಚಿಡಲು ಶುರುಮಾಡುತ್ತಾರೆ, ಆಮೇಲೆ ನಿಮಗೆ ಏನೂ ಗೊತ್ತಾಗುವುದಿಲ್ಲ.

## ಹಂತ 4: ಹಾಸಿಗೆ ಪಕ್ಕದ ಆರು ಅಭ್ಯಾಸಗಳು

ಜೆಸಿಐ ಆರು ಅಂತರರಾಷ್ಟ್ರೀಯ ಸುರಕ್ಷತಾ ಗುರಿಗಳನ್ನು ಇಟ್ಟಿದೆ. ಎನ್‌ಎಬಿಎಚ್ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಈ ಆರನ್ನು ಮೂರು ತಿಂಗಳಲ್ಲಿ ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಗುರುತು ಹಿಡಿಯುವುದು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಮೂವರು ಮಂಜುನಾಥ, ಇಬ್ಬರು ಸಾವಿತ್ರಮ್ಮ ಇರುವುದು ಹೊಸದಲ್ಲ. "ನೀವು ಸಾವಿತ್ರಮ್ಮ ಅಲ್ವಾ?" ಎಂದು ಕೇಳಬಾರದು. ಕಿವಿ ಮಂದ ಇರುವ ಅಜ್ಜಿ ಎಲ್ಲದಕ್ಕೂ ಹೂಂ ಎನ್ನುತ್ತಾರೆ. "ಅಮ್ಮಾ, ನಿಮ್ಮ ಪೂರ್ತಿ ಹೆಸರು ಹೇಳಿ" ಎಂದು ಕೇಳಬೇಕು, ಕೈಪಟ್ಟಿಯ ಆಸ್ಪತ್ರೆ ನಂಬರ್ ಜೊತೆ ಹೋಲಿಸಬೇಕು. ಹಾಸಿಗೆ ನಂಬರ್ ಗುರುತಲ್ಲ. ಇಲ್ಲಿ ಅಭ್ಯಾಸ ಆದರೆ ಹೊರದೇಶದವರ ವಿಷಯದಲ್ಲೂ ಕೈ ತಪ್ಪುವುದಿಲ್ಲ.

ಬಾಯಿಮಾತಿನ ಆದೇಶ. ವೈದ್ಯರು ಫೋನಿನಲ್ಲಿ ಹೇಳಿದ್ದನ್ನು ಸಿಸ್ಟರ್ ಬರೆದುಕೊಂಡು, ತಿರುಗಿ ಓದಿ ಹೇಳಿ, "ಹೌದು" ಎನಿಸಿಕೊಳ್ಳಬೇಕು. ಮೊದಮೊದಲು ವೈದ್ಯರಿಗೆ ಕಿರಿಕಿರಿ ಆಗುತ್ತದೆ. ಹಿರಿಯ ವೈದ್ಯರೊಬ್ಬರು ಮುಂದೆ ನಿಂತು ಪಾಲಿಸಿದರೆ ಉಳಿದವರು ಹೊಂದಿಕೊಳ್ಳುತ್ತಾರೆ.

ಅಪಾಯದ ಔಷಧಗಳು. ಗಾಢ ಪೊಟ್ಯಾಸಿಯಂ ಕ್ಲೋರೈಡ್ ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಇರಲೇಬಾರದು. ಇನ್ಸುಲಿನ್, ಹೆಪಾರಿನ್‌ಗೆ ಇಬ್ಬರು ನೋಡಿ ಸಹಿ ಹಾಕಬೇಕು. ಹೆಸರು ಒಂದೇ ತರ ಕೇಳಿಸುವ, ಡಬ್ಬಿ ಒಂದೇ ತರ ಕಾಣುವ ಔಷಧಗಳನ್ನು ಅಕ್ಕಪಕ್ಕ ಇಡಬೇಡಿ.

ಆಪರೇಷನ್ ಸುರಕ್ಷತೆ. ವಿಶ್ವ ಆರೋಗ್ಯ ಸಂಸ್ಥೆಯ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಓಟಿಯಿಂದ ಹೊರಹೋಗುವ ಮುನ್ನ, ಹೀಗೆ ಮೂರು ಸಲ ನಿಲ್ಲಬೇಕು. ಆಪರೇಷನ್ ಮುಗಿದ ಮೇಲೆ ಮೂರಕ್ಕೂ ಒಟ್ಟಿಗೆ ಟಿಕ್ ಹಾಕುವುದು ಎಲ್ಲ ಕಡೆ ಕಾಣುವ ತಪ್ಪು. ಸಮಯವನ್ನು ಗಡಿಯಾರ ನೋಡಿ ಬರೆಯಿರಿ.

ಕೈ ತೊಳೆಯುವುದು. ಸೋಪಿನಲ್ಲಿ 40ರಿಂದ 60 ಸೆಕೆಂಡ್, ಹ್ಯಾಂಡ್ ರಬ್‌ನಲ್ಲಿ 20ರಿಂದ 30 ಸೆಕೆಂಡ್. ಗೋಡೆಯ ಪೋಸ್ಟರ್ ಯಾರೂ ಓದುವುದಿಲ್ಲ. ಹಾಸಿಗೆ ಪಕ್ಕದಲ್ಲೇ ಬಾಟಲಿ ಇದೆಯೇ, ಅದರಲ್ಲಿ ದ್ರವ ಇದೆಯೇ ಎಂದು ದಿನವೂ ನೋಡುವವರು ಬೇಕು.

ಬೀಳದಂತೆ ನೋಡಿಕೊಳ್ಳುವುದು. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯಿಂದ ವರಾಂಡ ಜಾರುತ್ತದೆ. ಗೇಟಿನಲ್ಲೇ ಕಾಲೊರೆಸು, ಬಾತ್‌ರೂಮಿನಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ. ಖರ್ಚು ಕಡಿಮೆ, ಉಪಯೋಗ ದೊಡ್ಡದು.

## ಹಂತ 5: ಕಟ್ಟಡ, ಮಳೆ ಮತ್ತು ಕರೆಂಟು

ಬೆಂಗಳೂರಿನ ಸಲಹೆಗಾರರು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಹಾಗಾಗುವುದಿಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಗೋಡೆ ತೇವ ಹೀರುತ್ತದೆ, ಮೂಲೆಯಲ್ಲಿ ಬೂಷ್ಟು ಬರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ತೇವಾಂಶ ಶೇಕಡಾ 20ರಿಂದ 60ರ ಒಳಗೆ, ಉಷ್ಣಾಂಶ 21 ಡಿಗ್ರಿ ಆಸುಪಾಸಿನಲ್ಲಿ ಇರಬೇಕು. ಬೇಸಿಗೆಯಲ್ಲಿ ಅಳೆದು "ಸರಿ ಇದೆ" ಎಂದು ಸುಮ್ಮನಾದರೆ ಜುಲೈನಲ್ಲಿ ಅಸೆಸರ್ ಬಂದಾಗ ಮೀಟರೇ ಉತ್ತರ ಹೇಳುತ್ತದೆ. ಸುಮ್ನೆ ಎಸಿ ತಂಪು ಜಾಸ್ತಿ ಮಾಡಿದರೆ ತೇವ ಹೋಗುವುದಿಲ್ಲ. ತೇವ ತೆಗೆಯುವ ವ್ಯವಸ್ಥೆ ಇರುವ ಗಾಳಿ ಘಟಕವೇ ಬೇಕು. ಹಾಗಾಗಿ ಮೊದಲ ಅಳತೆಯನ್ನು ಮಳೆಗಾಲದಲ್ಲೇ ಮಾಡಿ.

ಆಟೋಕ್ಲೇವ್‌ನಲ್ಲಿ ಶುದ್ಧ ಮಾಡಿದ ಪ್ಯಾಕ್‌ಗಳೂ ಹಾಗೆಯೇ. ಪ್ಯಾಕ್ ಒದ್ದೆಯಾದರೆ ಅದು ಶುದ್ಧವಲ್ಲ, ಮೇಲಿನ ದಿನಾಂಕ ಏನೇ ಇರಲಿ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಆಯುರ್ವೇದ ಆಸ್ಪತ್ರೆಯವರು ಬೇರು, ತೊಗಟೆ, ಚೂರ್ಣಗಳ ಕೋಣೆಗೂ ತೇವಾಂಶದ ಮೀಟರ್ ಹಾಕಿ. ಬೂಷ್ಟು ಹಿಡಿದ ದ್ರವ್ಯವನ್ನು ಒಣಗಿಸಿ ಮತ್ತೆ ಬಳಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಭಸ್ಮ ಮುಂತಾದವನ್ನು ಸೀಸ, ಪಾದರಸ, ಆರ್ಸೆನಿಕ್ ಪರೀಕ್ಷೆಯ ವರದಿ ಇಲ್ಲದೆ ಕೊಳ್ಳಬೇಡಿ. ಹೊರದೇಶದ ರೋಗಿ ತನ್ನೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಅದು ಅಲ್ಲಿ ಕಾಣುತ್ತದೆ.

ಕರೆಂಟಿನ ವಿಷಯ. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಎಷ್ಟು ಓಡಾಡಿದರೂ ಗಂಟೆಗಟ್ಟಲೆ ಆಗುತ್ತದೆ. ಜನರೇಟರನ್ನು ಖಾಲಿ ಓಡಿಸಿ ನೋಡಿದರೆ ಸಾಲದು. ಓಟಿ, ಐಸಿಯು, ಲಿಫ್ಟ್ ಎಲ್ಲದರ ಹೊರೆ ಹಾಕಿ ಓಡಿಸಿ. ಕರೆಂಟು ಹೋಗಿ ಜನರೇಟರ್ ಬರುವ ನಡುವೆ ವೆಂಟಿಲೇಟರ್ ಯುಪಿಎಸ್ ಮೇಲೆ ನಿಲ್ಲುತ್ತದೆಯೇ ನೋಡಿ. ಎರಡು ದಿನ ರಸ್ತೆ ಬಂದ್ ಆದರೆ ಸಾಕಾಗುವಷ್ಟು ಡೀಸೆಲ್, ಆಮ್ಲಜನಕ ಇದೆಯೇ ಲೆಕ್ಕ ಹಾಕಿ. ಮಣಿಪಾಲ, ಮಂಗಳೂರಿನ ಕಡೆಗೆ ರೋಗಿಯನ್ನು ಕಳಿಸಬೇಕಾದರೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು. ಎರಡನೇ ದಾರಿ, ಎರಡನೇ ಆಸ್ಪತ್ರೆ ಯಾವುದು ಎಂದು ಮೊದಲೇ ಬರೆದಿಡಿ.

ಲಸಿಕೆ, ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಇರಬೇಕು. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಅಸೆಸರ್ ಬೆಳಿಗ್ಗೆ 11 ಗಂಟೆಗೆ ಫ್ರಿಜ್ ಚಾರ್ಟ್ ನೋಡಿದರು. ಸಂಜೆ 6ರ ಉಷ್ಣಾಂಶ ಆಗಲೇ ತುಂಬಿತ್ತು. ಆಮೇಲೆ ಅವರು ನಮ್ಮ ಯಾವ ರಿಜಿಸ್ಟರನ್ನೂ ನಂಬಲಿಲ್ಲ. ಅವರದ್ದು ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ತ್ಯಾಜ್ಯದಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ವಿಂಗಡಣೆ ಹುಟ್ಟುವ ಜಾಗದಲ್ಲೇ ಆಗಬೇಕು, ಹಿಂದಿನ ಅಂಗಳದಲ್ಲಿ ಅಲ್ಲ. 2016ರ ನಿಯಮದ ಪ್ರಕಾರ ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ನಾಯಿ, ಮಂಗ ಒಳಗೆ ಬಾರದ ಕೋಣೆ ಬೇಕು.

## ಹಂತ 6: ಈಗ ಬರೆಯಿರಿ

ಇಷ್ಟಾದ ಮೇಲೆ ಪೆನ್ನು ಹಿಡಿಯಿರಿ. ನೀವು ಈಗ ಮಾಡುತ್ತಿರುವುದನ್ನೇ ಬರೆಯಬೇಕು. ಬೇರೆ ಆಸ್ಪತ್ರೆಯ ಮ್ಯಾನ್ಯುಯಲ್ ತಂದು ಹೆಸರು ಬದಲಿಸಿದರೆ ನಿಮ್ಮಲ್ಲಿ ಇಲ್ಲದ ವಿಭಾಗ, ಇಲ್ಲದ ಯಂತ್ರ ಒಳಗೆ ಉಳಿಯುತ್ತವೆ. ಒಂದು ಕಡೆ ಸಿಕ್ಕಿದ ಪುಟದಲ್ಲಿ ಹಳೆಯ ಆಸ್ಪತ್ರೆಯ ಹೆಸರೂ ಹಾಗೇ ಇತ್ತು.

ಸಿಬ್ಬಂದಿ ಓದುವ ಭಾಗ ಕನ್ನಡದಲ್ಲಿರಲಿ. ರಕ್ತ ಚೆಲ್ಲಿದರೆ ಏನು ಮಾಡಬೇಕು ಎಂದು ಆಯಾ ಅಮ್ಮನಿಗೆ ಇಂಗ್ಲಿಷ್ ಪುಟ ಕೊಟ್ಟರೆ ಏನು ಪ್ರಯೋಜನ? ಒಂದು ಹಾಳೆ, ದೊಡ್ಡ ಅಕ್ಷರ, ಚಿತ್ರ, ಅಷ್ಟೇ ಸಾಕು. ಅಸೆಸರ್ ಆಯಾಳನ್ನೇ ಕೇಳುತ್ತಾರೆ. ಆಕೆ ತನ್ನ ಮಾತಿನಲ್ಲಿ ಸರಿಯಾಗಿ ಹೇಳಿದರೆ ಸಾಕು, ಪುಸ್ತಕದ ಪದ ಬೇಕಿಲ್ಲ.

ನರ್ಸ್‌ಗಳು ಕಲಿತ ಮೇಲೆ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ಇದು ತಪ್ಪುವುದಿಲ್ಲ. ಆದ್ದರಿಂದ ತರಬೇತಿಯನ್ನು ವರ್ಷಕ್ಕೊಮ್ಮೆ ಹಬ್ಬದಂತೆ ಮಾಡಬೇಡಿ. ಹೊಸಬರು ಸೇರಿದ ಮೊದಲ ವಾರವೇ ಗುರುತು, ಕೈ ತೊಳೆಯುವುದು, ಸಿಪಿಆರ್, ಬೆಂಕಿ, ತ್ಯಾಜ್ಯ, ಇಷ್ಟು ಕಲಿಸಿ.

## ಹಂತ 7: ಹೊರದೇಶದ ರೋಗಿಗೆ ಬೇಕಾದ ಹೆಚ್ಚಿನ ವ್ಯವಸ್ಥೆ

ಅವರಿಗೆ ಬೇರೆ ಗುಣಮಟ್ಟ ಇಲ್ಲ. ಹಾವೇರಿಯಿಂದ ಬಸ್ಸಿನಲ್ಲಿ ಬಂದವರಿಗೆ ಇರುವುದೇ ಅವರಿಗೂ. ಆದರೆ ಕೆಲವು ಕೆಲಸ ಜಾಸ್ತಿ ಇವೆ.

1. ಬರುವ ಮುನ್ನ. ವರದಿಗಳನ್ನು ವೈದ್ಯರೇ ನೋಡಿ ಉತ್ತರಿಸಬೇಕು, ಮಾರ್ಕೆಟಿಂಗ್‌ನವರು ಅಲ್ಲ. ಅಂದಾಜು ಖರ್ಚನ್ನು ಬರೆದು ಕೊಡಿ: ಏನು ಸೇರಿದೆ, ಏನು ಸೇರಿಲ್ಲ, ತೊಡಕಾದರೆ ಎಷ್ಟು ಏರಬಹುದು. ನಿಮ್ಮಲ್ಲಿ ಆಗದ ಚಿಕಿತ್ಸೆಗೆ "ಆಗುವುದಿಲ್ಲ" ಎಂದು ಮೊದಲ ಪತ್ರದಲ್ಲೇ ಹೇಳಿ. ಸೋಗಾನೆಯ ವಿಮಾನ ನಿಲ್ದಾಣ 2023ರಿಂದ ಇದೆ, ಆದರೆ ಹೊರದೇಶದಿಂದ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ರಸ್ತೆಯನ್ನು ಈ ರೋಗಿ ತಡೆಯಬಲ್ಲರೇ ಎಂದೂ ವೈದ್ಯರು ಯೋಚಿಸಬೇಕು.

2. ವೀಸಾ. ಇ-ಮೆಡಿಕಲ್ ವೀಸಾಕ್ಕೆ ಆಸ್ಪತ್ರೆಯ ಲೆಟರ್‌ಹೆಡ್ ಮೇಲಿನ ಪತ್ರ ಬೇಕು. ಜೊತೆಗೆ ಬರುವ ಇಬ್ಬರಿಗೆ ಅಟೆಂಡೆಂಟ್ ವೀಸಾ ಸಿಗುತ್ತದೆ. ಆಯುರ್ವೇದಕ್ಕೆ ಬರುವವರಿಗೆ 2023ರಿಂದ ಆಯುಷ್ ವೀಸಾ ಬೇರೆಯೇ ಇದೆ. ಪ್ರವಾಸಿ ವೀಸಾದಲ್ಲಿ ಬಂದು ಆಪರೇಷನ್ ಮಾಡಿಸಿಕೊಳ್ಳಿ ಎಂದು ಯಾರಿಗೂ ಹೇಳಬೇಡಿ.

3. ನೋಂದಣಿ. ಹೊರದೇಶದವರು ಬಂದು ದಾಖಲಾದ ಮಾಹಿತಿಯನ್ನು, ಅಂದರೆ ಎಲ್ಲರೂ 'ಸಿ ಫಾರ್ಮ್' ಎಂದು ಕರೆಯುವುದನ್ನು, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಕಳಿಸಬೇಕು. ಭಾನುವಾರ ಬಂದವರದ್ದು ಸೋಮವಾರ ಮಧ್ಯಾಹ್ನ ನೆನಪಾಗುವುದೇ ಸಾಮಾನ್ಯ ತಪ್ಪು. ರಿಸೆಪ್ಷನ್ನಿನ ಇಬ್ಬರಿಗೆ ಇದನ್ನು ಕಲಿಸಿ. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆ, ಅದೇ ಅಕ್ಷರಗಳಲ್ಲಿ ಬರೆಯಿರಿ.

4. ಭಾಷೆ ಮತ್ತು ಒಪ್ಪಿಗೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕು. ಜೊತೆಗೆ ಬಂದ ಮಗನನ್ನೋ ಏಜೆಂಟನ್ನೋ ದುಭಾಷಿಯಾಗಿ ಕೂರಿಸಬೇಡಿ. ಮಗ ಕೆಟ್ಟ ಸುದ್ದಿ ಮುಚ್ಚಿಡುತ್ತಾನೆ, ಏಜೆಂಟ್ ಅಪಾಯ ಮುಚ್ಚಿಡುತ್ತಾನೆ. ವಿಡಿಯೋ ಕರೆಯಲ್ಲಿ ಸಿಗುವ ದುಭಾಷಿ ಆದರೂ ಸರಿ. ಅವರ ಹೆಸರು, ಸಮಯ ಕೇಸ್‌ಶೀಟಿನಲ್ಲಿ ಬರಲಿ.

5. ಸೋಂಕಿನ ಎಚ್ಚರಿಕೆ. ಬೇರೆ ಆಸ್ಪತ್ರೆಯಿಂದ ನೇರ ಬಂದವರನ್ನು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷಿಸುವ ನಿಯಮ ಇಡಿ. ಜ್ವರ ಬಂದರೆ ಪ್ರಯಾಣದ ವಿವರ ಕೇಳಿ. ಚಿಕಿತ್ಸೆ ನಡುವೆ ಕಾಡು ಸುತ್ತಲು ಹೋಗಿದ್ದರೆ ಕೆಎಫ್‌ಡಿ, ಅಂದರೆ ನಮ್ಮ ಮಂಗನ ಕಾಯಿಲೆಯೂ ತಲೆಯಲ್ಲಿರಲಿ.

6. ಬಿಡುಗಡೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಜೆನೆರಿಕ್ ಹೆಸರು ಕಡ್ಡಾಯ. ಇಲ್ಲಿನ ಬ್ರ್ಯಾಂಡ್ ಅಲ್ಲಿನ ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಪ್ರತಿ, ಸ್ಕ್ಯಾನ್‌ಗಳ ಸಿಡಿ ಕೊಡಿ. ಯಾವ ದಿನದಿಂದ ವಿಮಾನ ಹತ್ತಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಏನು ಮಾಡಬೇಕು, ಬರೆದೇ ಕೊಡಿ.

ಏಜೆಂಟರ ಬಗ್ಗೆ ಒಂದು ಮಾತು. ಎನ್‌ಎಬಿಎಚ್ ಪಟ್ಟಿಯಲ್ಲಿರುವ ಮೆಡಿಕಲ್ ಟ್ರಾವೆಲ್ ಸಂಸ್ಥೆಗಳಿವೆ, ಅವರನ್ನೇ ಹುಡುಕಿ. ಕಮಿಷನ್ ಜಾಸ್ತಿ ಕೇಳಿ, ಬಿಲ್ ತಾವೇ ಮಾಡುತ್ತೇವೆ ಎನ್ನುವವರು ಬಂದರೆ ಅಲ್ಲೇ ಕೈಮುಗಿಯಿರಿ.

## ಹಂತ 8: ಅಂಕಿ ಎಣಿಸುವುದು

ಅರ್ಜಿಗೆ ಮುನ್ನ ಕನಿಷ್ಠ ಮೂರು ತಿಂಗಳ ನಿಜವಾದ ಅಂಕಿ ಕೈಯಲ್ಲಿರಲಿ. ಲೆಕ್ಕ ಕಷ್ಟ ಇಲ್ಲ. ಮೂತ್ರದ ನಳಿಕೆ ಇರುವ ರೋಗಿಗಳನ್ನು ದಿನವೂ ಒಂದೇ ಹೊತ್ತಿಗೆ ಎಣಿಸಿ ಕೂಡುತ್ತಾ ಹೋಗಿ. ಆ ಮೊತ್ತವೇ 'ನಳಿಕೆ ದಿನ'. ತಿಂಗಳಿಗೆ 400 ನಳಿಕೆ ದಿನ ಆಯಿತು, ಇಬ್ಬರಿಗೆ ಸೋಂಕಾಯಿತು ಅಂದುಕೊಳ್ಳಿ. 2ನ್ನು 400ರಿಂದ ಭಾಗಿಸಿ 1000ದಿಂದ ಗುಣಿಸಿದರೆ 5. ಅಂದರೆ ಸಾವಿರ ನಳಿಕೆ ದಿನಕ್ಕೆ 5 ಸೋಂಕು.

ಆಪರೇಷನ್ ಗಾಯದ ಸೋಂಕನ್ನು 30 ದಿನ, ಇಂಪ್ಲಾಂಟ್ ಇದ್ದರೆ 90 ದಿನದವರೆಗೆ ಗಮನಿಸಬೇಕು. ಹೊರದೇಶದ ರೋಗಿ ಅಷ್ಟು ದಿನ ಇಲ್ಲಿರುವುದಿಲ್ಲ ಅಲ್ವಾ? ಅದಕ್ಕೇ ಬಿಡುಗಡೆ ದಿನವೇ ವಿಡಿಯೋ ಕರೆಯ ದಿನಾಂಕಗಳನ್ನು ಗೊತ್ತುಮಾಡಿ, ಗಾಯದ ಫೋಟೋ ತರಿಸಿ, ಅಲ್ಲಿನ ವೈದ್ಯರ ಇಮೇಲ್ ತೆಗೆದುಕೊಳ್ಳಿ. ಈ ಒಂದು ಕೆಲಸ ಮಾಡದೆ "ನಮ್ಮಲ್ಲಿ ಸೋಂಕು ಸೊನ್ನೆ" ಎನ್ನುವವರ ಅಂಕಿ ಟೊಳ್ಳು. ಎಲ್ಲ ತಿಂಗಳೂ ಸೊನ್ನೆ ಬಂದರೆ ಅದು ಸಂತೋಷದ ಸುದ್ದಿಯಲ್ಲ, ಯಾರೂ ಎಣಿಸುತ್ತಿಲ್ಲ ಎಂಬ ಗುರುತು. ಬಿದ್ದ ರೋಗಿ, ತಪ್ಪಿದ ಔಷಧ, ಚುಚ್ಚಿದ ಸೂಜಿ, ಇವುಗಳ ವರದಿ ಮೊದಲ ತಿಂಗಳುಗಳಲ್ಲಿ ಏರಿದರೆ ಹೆದರಬೇಡಿ. ಜನ ಹೇಳಲು ಶುರುಮಾಡಿದ್ದಾರೆ ಎಂದರ್ಥ.

## ಹಂತ 9: ಒಳಗಿನ ಆಡಿಟ್, ಅರ್ಜಿ, ಅಸೆಸ್‌ಮೆಂಟ್

ಒಂದು ವಾರ್ಡಿನವರು ಇನ್ನೊಂದು ವಾರ್ಡನ್ನು ಆಡಿಟ್ ಮಾಡಲಿ. ಮುಚ್ಚಿದ ಕೇಸ್‌ಶೀಟ್‌ಗಳಲ್ಲಿ 20 ಎತ್ತಿಕೊಂಡು ಸಹಿ, ದಿನಾಂಕ, ಸಮಯ, ಅಲರ್ಜಿ, ಒಪ್ಪಿಗೆ ನೋಡಿ. ರಾತ್ರಿ ಹೊತ್ತು ಮುನ್ಸೂಚನೆ ಇಲ್ಲದೆ ಹೃದಯ ನಿಂತ ರೋಗಿಯ ಅಣಕು ಕರೆ ಕೊಡಿ, ತಂಡ ಎಷ್ಟು ನಿಮಿಷಕ್ಕೆ ಬಂತು ಬರೆಯಿರಿ. ಸಿಕ್ಕ ಕೊರತೆ ಮುಗಿದ ಮೇಲಷ್ಟೇ ಅರ್ಜಿ.

ಇವು ಕಂಡರೆ ಅರ್ಜಿಯನ್ನು ಮುಂದೂಡಿ: ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತಿಂಗಳಿಡೀ ತುಂಬಿದ ರಿಜಿಸ್ಟರ್. ಸಮಿತಿ ಸಭೆಯ ನಡಾವಳಿಯಲ್ಲಿ ಆ ದಿನ ರಜೆಯಲ್ಲಿದ್ದವರ ಸಹಿ. "ಕ್ವಾಲಿಟಿ ಮೇಡಂನ ಕೇಳಿ" ಎಂದಷ್ಟೇ ಹೇಳುವ ಸಿಬ್ಬಂದಿ. ಅಸೆಸ್‌ಮೆಂಟ್‌ಗೆ ಅಂತ ಬಾಡಿಗೆಗೆ ತಂದ ಉಪಕರಣ.

ಅಸೆಸರ್‌ಗಳು ಬಂದ ದಿನ ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎನ್ನಲು ಎಲ್ಲರಿಗೂ ಹೇಳಿಕೊಡಿ. ರೋಗಿಗಳ ಕೆಲಸ ಬಿಟ್ಟು ಯಾರೂ ಸಾಲಾಗಿ ನಿಲ್ಲಬೇಡಿ.

ಕೊರತೆಗಳ ಪಟ್ಟಿ ಬಂದಾಗ ಪ್ರತಿಯೊಂದಕ್ಕೂ ಮೂರು ಉತ್ತರ ಬರೆಯಿರಿ: ಈಗ ಏನು ಸರಿಪಡಿಸಿದಿರಿ, ಯಾಕೆ ಹಾಗಾಗಿತ್ತು, ಮತ್ತೆ ಆಗದಂತೆ ಏನು ಬದಲಿಸಿದಿರಿ. "ಸಿಬ್ಬಂದಿಗೆ ತಿಳುವಳಿಕೆ ನೀಡಲಾಗಿದೆ" ಎಂಬ ಒಂದೇ ಸಾಲು ಎಲ್ಲದಕ್ಕೂ ಬರೆದು ಕಳಿಸಿದವರ ಉತ್ತರ ತಿರುಗಿ ಬಂದದ್ದನ್ನು ಕಂಡಿದ್ದೇನೆ. ಫ್ರಿಜ್ ಚಾರ್ಟ್ ತಪ್ಪಾಗಿ ತುಂಬಿದ್ದಕ್ಕೆ ಕಾರಣ ಸಿಸ್ಟರ್‌ನ ಸೋಮಾರಿತನ ಆಗಿರಲಿಕ್ಕಿಲ್ಲ. ಸಂಜೆ ಪಾಳಿಯಲ್ಲಿ 30 ರೋಗಿಗಳಿಗೆ ಒಬ್ಬರೇ ಇದ್ದಿರಬಹುದು. ಹಾಗಿದ್ದರೆ ಉತ್ತರದಲ್ಲಿ ಬರಬೇಕಾದದ್ದು ತಾನಾಗಿ ಅಳೆದು ದಾಖಲಿಸುವ ಮೀಟರ್, ಸಂಜೆ ಪಾಳಿಗೆ ಇನ್ನೊಬ್ಬ ಸಿಸ್ಟರ್, ಮತ್ತು ಆ ಎರಡರ ಖರೀದಿ ಹಾಗೂ ನೇಮಕದ ಪ್ರತಿಗಳು.